ಕಾಲರಕ್ಕನ ಮಿಷನ್ನು

ಅಂಗಿಗೆ ತೂತು ಮಾಡಿ ಅನ್ನ ತಿನ್ನುವವಳು ಈ ಭೂಮಿಯ ಮೇಲೆ ತಾನೊಬ್ಬಳೇ ಎಂದು ಚಿಕ್ಕಮ್ಮ ತನ್ನನ್ನು ತಾನೇ ಆಡಿಕೊಂಡು ನಗುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಅವಳದು ಕಾಜಾ ಹಾಕುವ ಕೆಲಸ. ಸುತ್ತ ದಾರ ಬಿಗಿದು, ನಡುವೆ ಗುಂಡಿ ತೂರುವಷ್ಟು ಸೀಳಿ, ಅಂಗಿಯನ್ನು ಮುಂದಿನವಳ ಕಡೆಗೆ ತಳ್ಳಬೇಕು. ಅಕ್ಕನ ಮಗಳು ಚೂಟಿ ಕರೆಯುತ್ತಿದ್ದ 'ಚಿಕ್ಕಮ್ಮ' ಎಂಬುದೇ ಹೊಲಿಗೆ ನಡೆಯುವ ಇಡೀ ಹಾಲಿಗೆ ಅಂಟಿಕೊಂಡು, ಅವಳಿಗಿಂತ ಎಷ್ಟೋ ಹಿರಿಯಳಾದ ದಾರದಜ್ಜಿ ಕೂಡ ಅವಳನ್ನು ಹಾಗೇ ಕರೆಯುತ್ತಿದ್ದಳು. ದಾರದಜ್ಜಿ ಎಂದರೆ ಹೊಲಿದು ಮುಗಿದ ಅಂಗಿಗಳಲ್ಲಿ ಇಳಿಬಿದ್ದ ದಾರದ ತುದಿಗಳನ್ನು ಕತ್ತರಿಸುವ ಮುದುಕಿ. ಅವಳ ಕತ್ತರಿಗಿಂತ ನಾಲಿಗೆ ಹರಿತ.

ಚಿಕ್ಕಮ್ಮನೇನೂ ಸತ್ಯದ ತುಂಡಲ್ಲ. ತಡವಾಗಿ ಬಂದರೆ ಬಸ್ಸು ಕೆಟ್ಟಿತ್ತು ಎನ್ನುವುದು, ಸೂಜಿ ಮುರಿದರೆ ಬಟ್ಟೆಯೇ ಗಟ್ಟಿ ಎನ್ನುವುದು, ಇಂಥ ಚಿಲ್ಲರೆ ಸುಳ್ಳುಗಳು ಅವಳಿಗೆ ಎಡಗೈ ಆಟ. ಆದರೆ ಬದುಕಿನಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಹೇಳಿದಳು. ಸತ್ತುಹೋದ ಸ್ವಂತ ಅಕ್ಕನನ್ನು ದೆವ್ವ ಮಾಡಿದಳು. ಅದರಿಂದ ಒಂದು ಹಾಲಿನ ತುಂಬ ಇದ್ದ ಹೆಂಗಸರು ಬದುಕಿಕೊಂಡರು. ಆಮೇಲೆ ಅದೇ ಸುಳ್ಳು ಅವಳ ಮನೆಯ ಬಾಗಿಲಿಗೇ ಬಂದು ನಿಂತಿತು.

ಅಕ್ಕನದು, ಹಾಲಿನವರ ಬಾಯಲ್ಲಿ ಕಾಲರಕ್ಕನದು, ಕಾಲರ್ ಕೂರಿಸುವ ಕೆಲಸ. ಅಂಗಿಯಲ್ಲಿ ಅದಕ್ಕಿಂತ ಕಷ್ಟದ ಹೊಲಿಗೆ ಇನ್ನೊಂದಿಲ್ಲ. ಕೂದಲೆಳೆಯಷ್ಟು ಜಾರಿದರೂ ಹಾಕಿಕೊಂಡವನ ಕುತ್ತಿಗೆ ಸೊಟ್ಟಗೆ ಕಾಣುತ್ತದೆ. ಅಕ್ಕನ ಕೈ ಎಂದೂ ಜಾರಲಿಲ್ಲ. ಅದಕ್ಕೇ ಲೈನಿನ ಸೂಪರ್‌ವೈಸರ್ ಗಡಿಯಾರಪ್ಪ ಅವಳನ್ನು ಕಿಟಕಿ ಪಕ್ಕದ ಮೂಲೆಯ ಹಳೇ ಮಿಷನ್ನಿನ ಮೇಲೆ, ತನ್ನ ಮೇಜಿಗೆ ಎದುರಾಗಿ ಕೂರಿಸಿದ್ದ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಚಟದಿಂದ ಅವನಿಗೆ ಆ ಹೆಸರು. ಕೆಟ್ಟವನೇನಲ್ಲ. ಆದರೆ ಹೆಂಗಸರು ಎದ್ದು ಹೊರಗೆ ಹೋಗುವುದೆಂದರೆ ಅವನ ಎದೆಗೆ ಗುದ್ದಿದಂತಾಗುತ್ತಿತ್ತು. ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದ ಅಷ್ಟೆ. ಆ ನೋಟಕ್ಕೆ ಹೆದರಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನೀರು ಕುಡಿದರೆ ತಾನೇ ಏಳಬೇಕಾಗುವುದು!

ಅಕ್ಕನಿಗೆ ಮುಟ್ಟೆಂದರೆ ಪ್ರತಿ ತಿಂಗಳೂ ಒಂದು ಗಂಡಾಂತರ. ಒಂದು ವಾರ ಮುಗಿದರೂ ನಿಲ್ಲುತ್ತಿರಲಿಲ್ಲ. ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ಆ ದಿನಗಳಲ್ಲಿ ಕಪ್ಪು ಬಟ್ಟೆ ಉಟ್ಟು, ಕತ್ತರಿ ಹಾಕುವ ಕೋಣೆಯಿಂದ ಚಿಂದಿ ತಂದು ಮಡಿಸಿಟ್ಟುಕೊಂಡು, ಗಡಿಯಾರಪ್ಪನ ಮೇಜಿನ ಡ್ರಾಯರಿನಿಂದ ನೋವಿನ ಮಾತ್ರೆ ಇಸಿದುಕೊಂಡು, ಖಾಲಿ ಹೊಟ್ಟೆಗೆ ನುಂಗಿ ಕೂರುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಬದಲಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕಡಿಯುತ್ತಿದ್ದಳು. "ಇವಳಿಗೆ ಬಸುರಿ ಬಯಕೆ" ಎಂದು ಎಲ್ಲರೂ ನಕ್ಕರು, ಚಿಕ್ಕಮ್ಮನೂ ನಕ್ಕಳು. ರಕ್ತ ಬತ್ತಿದ ಮೈ ಹೀಗೆ ಸುಣ್ಣ ಮಣ್ಣು ಬೇಡುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಕ್ಕನದು ಒಂದೇ ಮಾತು: "ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಬಿಡೇ."

ಒಂದು ಬೆಳಿಗ್ಗೆ ಅಕ್ಕ ಮಿಷನ್ನಿನ ಮೇಲೆ ತಲೆ ಇಟ್ಟಳು. ಕಣ್ಣಿಗೆ ಆಯಾಸವಾಗಿರಬೇಕು ಎಂದುಕೊಂಡರು. ಗಡಿಯಾರಪ್ಪ ಬಂದು ಮೇಜು ತಟ್ಟಿದ. ಅವಳು ಏಳಲಿಲ್ಲ. ಆಸ್ಪತ್ರೆಯಲ್ಲಿ ಸಂಜೆಯೊಳಗೆ ಎಲ್ಲ ಮುಗಿಯಿತು. ಡಾಕ್ಟರಮ್ಮ ಹೊರಗೆ ಬಂದು, "ಮೈಯಲ್ಲಿ ರಕ್ತಾನೇ ಇರ್ಲಿಲ್ಲಮ್ಮ. ಎಷ್ಟೋ ವರ್ಷದಿಂದ ಸೋರಿ ಹೋಗಿದೆ. ಹೃದಯ ಎಷ್ಟು ದಿನ ಅಂತ ತಡ್ಕೊಳ್ಳತ್ತೆ? ಮೊದಲೇ ಬಂದಿದ್ರೆ ಮಾತ್ರೇಲೇ ಹೋಗ್ತಿತ್ತು" ಎಂದರು. ಮಾತ್ರೇಲೇ ಹೋಗ್ತಿತ್ತು. ಈ ಮಾತು ಚಿಕ್ಕಮ್ಮನ ಕಿವಿಯಲ್ಲಿ ಮನೆ ಮಾಡಿತು. ಅಕ್ಕನ ಗಂಡ ಎನ್ನಿಸಿಕೊಂಡವನು ಎಂದೋ ಕಾಲಿಗೆ ಬುದ್ಧಿ ಹೇಳಿದ್ದ. ಉಳಿದವಳು ಚೂಟಿ, ಆಗಿನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆಯಲ್ಲಿ, ಅಕ್ಕ ಮಲಗುತ್ತಿದ್ದ ಗೋಡೆಯ ಕಡೆಗೆ ಚೂಟಿ ಮಲಗತೊಡಗಿದಳು.

ಮೂಲೆಯ ಮಿಷನ್ನಿಗೆ ಹೊಸಬಳೊಬ್ಬಳನ್ನು ತಂದು ಕೂರಿಸಿದರು. ಊಟದ ಗಂಟೆ ಹೊಡೆಯಿತು, ಅವಳು ಸ್ವಿಚ್ ಆರಿಸಿ ಎದ್ದಳು. ಆರಿಸಿದ ಮಿಷನ್ನು ಗರ್ರೆಂದು ಒಂದು ಗೇಣು ಹೊಲಿದುಬಿಟ್ಟಿತು. ಅವಳು ಕಿಟಾರನೆ ಕಿರುಚಿದಳು. ದಾರದಜ್ಜಿ ಕತ್ತರಿ ಕೆಳಗಿಟ್ಟು, "ಕಾಲರಕ್ಕ ಇನ್ನೂ ಕುರ್ಚಿ ಬಿಟ್ಟಿಲ್ಲ" ಎಂದು ತೀರ್ಪು ಕೊಟ್ಟಳು.

ಅದು ಯಾಕೆ ಹೊಲಿಯಿತೆಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಉಳಿದವೆಲ್ಲ ಹೊಸ ಮೋಟರಿನವು, ಸ್ವಿಚ್ ಆರಿಸಿದರೆ ಗಪ್ಪೆಂದು ನಿಲ್ಲುತ್ತವೆ. ಈ ಒಂದು ಮಾತ್ರ ಹಳೆಯದು. ಸ್ವಿಚ್ ಆರಿಸಿದ ಮೇಲೂ ಅದರ ಮೋಟರು ಒಳಗೊಳಗೇ ಕೊಂಚ ಹೊತ್ತು ತಿರುಗುತ್ತಿರುತ್ತದೆ, ಆಗ ಕಾಲು ಪೆಡಲಿಗೆ ತಗುಲಿದರೆ ಒಂದಿಷ್ಟು ಹೊಲಿದು ನಿಲ್ಲುತ್ತದೆ. ಅಕ್ಕನ ಪಕ್ಕ ನಿಂತು ಹೊಲಿಗೆ ಕಲಿತವಳಿಗೆ ಇದು ತಿಳಿಯದೆ? ಬಾಯಿ ತೆರೆದು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಗಡಿಯಾರಪ್ಪನ ಮುಖ ಕಂಡಿತು. ಬಿಳುಚಿಕೊಂಡು, ಬೆವರಿ, ಎಂದೂ ಇಲ್ಲದೆ ಗಡಿಯಾರ ನೋಡುವುದನ್ನೂ ಮರೆತು ನಿಂತಿದ್ದ. ಮೇಜು ತಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ನನ್ ಕನಸಲ್ಲೂ ಬಂದಿದ್ಳು" ಎಂದಳು ಚಿಕ್ಕಮ್ಮ.

"ಏನಂದ್ಳು?" ಎಂದ ಗಡಿಯಾರಪ್ಪ.

"ನೀರು ಬೇಕು ಅಂದ್ಳು. ಎಲ್ರೂ ಎದ್ದು ಹೋಗಿ ನೀರು ಕುಡೀಲಿ, ಆಗ ನಂಗೂ ಸಿಗತ್ತೆ ಅಂದ್ಳು."

ಮರುದಿನವೇ ಬೆಳಗಿನ ಹೊತ್ತಿಗೊಂದು ನೀರಿನ ಗಂಟೆ ಬಂತು. ಎಲ್ಲರೂ ಏಳಬೇಕು, ಕುಡಿಯಬೇಕು, ಬಚ್ಚಲಿಗೆ ಹೋಗಿ ಬರಬೇಕು. ಅಲ್ಲಿಂದ ಚಿಕ್ಕಮ್ಮನ ಕನಸುಗಳಿಗೆ ಬರವೇ ಇಲ್ಲ. ಅಕ್ಕ ಬಂದು, ನೋವು ಮರೆಸಿ ಕೂರಿಸೋ ಆ ಡ್ರಾಯರಿನ ಮಾತ್ರೆ ಡಬ್ಬಿ ಎಸೀರಿ ಅಂದಳು. ಹೊಟ್ಟೆಗಿಲ್ಲದೆ ಮಿಷನ್ನು ಮುಟ್ಟಿದವಳ ಕೈ ಹಿಡೀತೀನಿ ಅಂದಳು. ಬಟ್ಟೆ ತಾಳದಷ್ಟು ಹೋಗುವವಳು, ತಿಂಗಳುಗಟ್ಟಲೆ ಮುಟ್ಟೇ ಆಗದವಳು, ನೋವಿಗೆ ಮುದುಡಿ ಬೀಳುವವಳು, ಇವರೆಲ್ಲ ಡಾಕ್ಟರಮ್ಮನ ಹತ್ತಿರ ಹೋಗದಿದ್ದರೆ ನನಗೆ ಸಿಟ್ಟು ಬರುತ್ತದೆ ಅಂದಳು. ಗುಂಡಿ ಹಚ್ಚುವವಳಿಗೆ ಥೈರಾಯ್ಡ್ ಇದೆಯೆಂದು ಗೊತ್ತಾಯಿತು. ಇಸ್ತ್ರಿಯವಳ ಗರ್ಭಕೋಶದ ಗಡ್ಡೆ ಸಣ್ಣದಿರುವಾಗಲೇ ಕಣ್ಣಿಗೆ ಬಿತ್ತು. ತೆಳ್ಳಗಾಗುತ್ತೇನೆಂದು ಊಟ ಬಿಟ್ಟು ಮುಟ್ಟು ನಿಲ್ಲಿಸಿಕೊಂಡಿದ್ದ ಹುಡುಗಿಯೊಬ್ಬಳು ಹೊಟ್ಟೆ ತುಂಬ ತಿನ್ನತೊಡಗಿದ ಮೇಲೆ ಸರಿಹೋದಳು. "ಬದುಕಿದ್ದೋಳಿಗೆ ಒಂದು ಲೋಟ ನೀರಿಗೆ ಎದ್ದು ಹೋಗೋ ಧೈರ್ಯ ಇರ್ಲಿಲ್ಲ. ಸತ್ತ ಮೇಲೆ ಇಡೀ ಫ್ಯಾಕ್ಟರೀನೇ ಆಳ್ತಾಳೆ ನೋಡು" ಎಂದಳು ದಾರದಜ್ಜಿ. ಎಲ್ಲರೂ ನಕ್ಕರು. ಚಿಕ್ಕಮ್ಮನಿಗೆ ನಗು ಬರಲಿಲ್ಲ.

ಯಾಕೆಂದರೆ ಅಕ್ಕ ಅವಳ ಕನಸಿಗೆ ಒಂದು ದಿನವೂ ಬಂದಿರಲಿಲ್ಲ. ಊರಿಗೆಲ್ಲ ಅಕ್ಕನ ಮಾತು ಹಂಚುವವಳು ತಾನು ಮಾತ್ರ ಬರಿಗೈ. ಕಾಜಾ ಹಾಕುತ್ತ ಕೂತಾಗ ಬೆನ್ನ ಹಿಂದೆ ಯಾರೋ ಸುಣ್ಣ ಕಡಿದಂತಾಗಿ ತಿರುಗುವಳು. ಎಲ್ಲರ ಮಿಷನ್ನುಗಳೂ ನಿಂತ ಮೇಲೆ ಮೂಲೆಯ ಆ ಹಳೇ ಮೋಟರಿನ ಗುಂಯ್ ಎಂಬ ಸದ್ದು ಸ್ವಲ್ಪ ಹೊತ್ತು ಉಳಿಯುತ್ತಿತ್ತಲ್ಲ, ಅದು ತಣ್ಣಗಾಗುವವರೆಗೆ ಎದ್ದು ಹೋಗಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ತಾನೇ ಕಟ್ಟಿದ ದೆವ್ವವೆಂದು ಗೊತ್ತಿದ್ದೂ ಒಳಗೊಂದು ಆಸೆ. ಒಂದು ಸಲ ಬಂದು ಬೈದು ಹೋಗಬಾರದೇ?

ಚೂಟಿ ಇದನ್ನೆಲ್ಲ ಕೇಳುತ್ತಲೇ ಬೆಳೆದಳು. ಅಮ್ಮ ಫ್ಯಾಕ್ಟರಿಯಲ್ಲಿದ್ದಾಳಂತೆ ಎಂದು ಅವಳಿಗೆ ಹೇಳಿದವರು ಎಷ್ಟೋ ಜನ. ಚಿಕ್ಕಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಲ್ಲ ಎಂದು ಮಗುವಿಗೆ ಹೇಳಿದರೆ ಸಂಜೆಯೊಳಗೆ ಅದು ಹಾಲಿಗೆ ಮುಟ್ಟುತ್ತದೆ, ನೀರಿನ ಗಂಟೆ ನಿಲ್ಲುತ್ತದೆ ಎಂಬ ಹೆದರಿಕೆ. ಓದು ಮುಗಿಸಿದ ಚೂಟಿ ಬೇರೆಲ್ಲೂ ಕೆಲಸ ಹುಡುಕದೆ ಸೀದಾ ಗಾರ್ಮೆಂಟ್ಸಿಗೆ ಬಂದು, ಮೂಲೆಯ ಮಿಷನ್ನೇ ಬೇಕು ಎಂದಳು. ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಕೂರದ ಜಾಗ. ಗಡಿಯಾರಪ್ಪ ಬದುಕಿದೆಯಾ ಬಡಜೀವವೇ ಎಂದು ಕೊಟ್ಟುಬಿಟ್ಟ. ಅವಳು ಕೂರಿಸಿದ ಮೊದಲ ಕಾಲರ್ ನೋಡಿ ಚಿಕ್ಕಮ್ಮನ ಕಣ್ಣು ತುಂಬಿತು. ಅಕ್ಕನ ಕೈಯೇ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನು ನೋಡಿಯೇ. ಹಾಲಿನ ಹೆಂಗಸರ ಮುಖ ಕೊಂಚ ಬಾಡಿದರೂ ಡಾಕ್ಟರಮ್ಮನ ಹತ್ತಿರ ಅಟ್ಟುತ್ತಿದ್ದವಳಿಗೆ ಒಂದೇ ಕೋಣೆಯಲ್ಲಿ, ಒಂದೇ ಹೊದಿಕೆಯ ಕೆಳಗೆ ಮಲಗುವ ಹುಡುಗಿಯ ತುಟಿ ಬಿಳಿಚಿದ್ದು ಕಾಣಲಿಲ್ಲ. ಚೂಟಿ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಂಡರೆ "ಈ ವಯಸ್ಸಿಗೇ ಮುದುಕಿ ಆದೆಯಾ" ಎಂದು ಗೇಲಿ ಮಾಡಿದಳು. ಒಳಬಟ್ಟೆಯನ್ನು ಚೂಟಿ ತಾನೇ ಒಗೆದುಕೊಳ್ಳತೊಡಗಿದಾಗ ಜಾಣೆಯಾದಳು ಎಂದುಕೊಂಡಳು. ಊಟದ ಹೊತ್ತಿಗೆ ಕಾಣದಿದ್ದರೆ ಓರಗೆಯವರ ಜೊತೆ ಎಲ್ಲೋ ಕೂತಿರಬೇಕು ಎಂದುಕೊಂಡಳು. ಒಂದು ಸಂಜೆ ತೊಳೆಯಲೆಂದು ಅವಳ ಊಟದ ಡಬ್ಬಿ ತೆಗೆದರೆ, ಬೆಳಿಗ್ಗೆ ಹಾಕಿದ ಊಟ ಹಾಗೇ ಇತ್ತು. ಮುಚ್ಚಳದ ಒಳಗೆ ಕಚ್ಚಿ ಉಳಿದ ಸೀಮೆಸುಣ್ಣದ ಚೂರುಗಳು.

ಚಿಕ್ಕಮ್ಮ ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದು ಚೂಟಿಯ ಮುಂದೆ ಚಾಚಿದಳು. ಕೇಳಿದರೆ ಚೂಟಿ, "ಹೊಟ್ಟೆ ಸರಿ ಇರ್ಲಿಲ್ಲ, ಸುಮ್ನಿರು ಚಿಕ್ಕಮ್ಮ" ಎಂದು ಗೋಡೆಯ ಕಡೆಗೆ ಹೊರಳಿದಳು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದರೆ ನಿದ್ದೆ ಬಂದವಳಂತೆ ಹೊದಿಕೆ ಎಳೆದುಕೊಂಡಳು.

ಮರುದಿನ ಚೂಟಿ ಕಪ್ಪು ಬಟ್ಟೆ ಹಾಕಿಕೊಂಡು, ಚಿಕ್ಕಮ್ಮ ಏಳುವ ಮೊದಲೇ ಕೆಲಸಕ್ಕೆ ಹೊರಟುಹೋಗಿದ್ದಳು. ಬೆಳಗಿನ ನೀರಿನ ಗಂಟೆಗೆ ಎಲ್ಲರ ಜೊತೆ ಅವಳೂ ಎದ್ದಂತೆ ಮಾಡಿ, ಗುಂಪಿನಲ್ಲಿ ಕಣ್ತಪ್ಪಿಸಿದಳು. ಊಟದ ಗಂಟೆ ಹೊಡೆಯಿತು, ಹೆಂಗಸರೆಲ್ಲ ಡಬ್ಬಿ ಹಿಡಿದು ಹಿಂದಿನ ಶೆಡ್ಡಿಗೆ ಹೋದರು. ಚಿಕ್ಕಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡಿದಳು. ಚೂಟಿ ಇರಲಿಲ್ಲ.

ಮಟಮಟ ಮಧ್ಯಾಹ್ನ. ಖಾಲಿ ಹಾಲಿನಲ್ಲಿ ಸಾಲುಸಾಲು ಮಿಷನ್ನುಗಳು ತಲೆ ತಗ್ಗಿಸಿ ನಿಂತಿದ್ದವು. ಅರ್ಧ ಹೊಲಿದ ಅಂಗಿಗಳು ತೋಳು ಇಳಿಬಿಟ್ಟುಕೊಂಡು ಬಿದ್ದಿದ್ದವು. ಮೂಲೆಯಿಂದ ಮಾತಿನ ಸದ್ದು ಬರುತ್ತಿತ್ತು. ಸಣ್ಣ ದನಿ, ಗುಟ್ಟು ಹೇಳುವಾಗಿನ ದನಿ. ನಡುನಡುವೆ ನಿಲ್ಲುವುದು, ಉತ್ತರ ಕೇಳಿಸಿಕೊಂಡಂತೆ ಮತ್ತೆ ಶುರುವಾಗುವುದು. ಚಿಕ್ಕಮ್ಮ ಅಲ್ಲೇ ನಿಂತಳು. ಒಂದು ಕ್ಷಣ, ಒಂದೇ ಕ್ಷಣ, ಅಕ್ಕ ನಿಜವಾಗಿಯೂ ಬಂದಿದ್ದಾಳೆ ಎಂದು ನಂಬಿಬಿಟ್ಟಳು.

ಚೂಟಿ ಮಿಷನ್ನಿನ ಮೇಲೆ ಕೆನ್ನೆ ಇಟ್ಟು ಕೂತಿದ್ದಳು. ಅಕ್ಕ ತಲೆ ಇಟ್ಟಿದ್ದ ಜಾಗದಲ್ಲೇ. ಮುಖ ಸೀಮೆಸುಣ್ಣಕ್ಕಿಂತ ಬಿಳಿ.

"ಏಳೇ! ನಡಿ ಆಸ್ಪತ್ರೆಗೆ!"

"ಮೆತ್ತಗೆ ಮಾತಾಡು ಚಿಕ್ಕಮ್ಮ" ಎಂದಳು ಚೂಟಿ. "ಇವತ್ತು ಬರ್ತಾಳೆ. ಎಲ್ಲ ಹೋದ್ಮೇಲೆ ಮೋಟರಲ್ಲಿ ಉಸಿರು ಬಿಡ್ತಾಳಲ್ಲ, ಅದು ನಿಲ್ಲೋ ಹೊತ್ತಿಗೆ ಬರ್ತಾಳೆ. ನಾನು ದಿನಾ ಕಾಯ್ತೀನಿ."

"ಊಟಾನೂ ಬಿಟ್ಟು?"

"ಶೆಡ್ಡಿಗೆ ಹೋದ್ರೆ ಬಂದು ಹೋಗ್ಬಿಟ್ರೆ? ನಿನ್ ಕನಸಲ್ಲಿ ಬರ್ತಾಳೆ, ಎಲ್ರಿಗೂ ಒಂದೊಂದು ಮಾತು ಹೇಳಿ ಕಳಿಸ್ತಾಳೆ. ಗುಂಡಿ ಹಚ್ಚೋಳಿಗೂ ಹೇಳ್ತಾಳೆ. ನಂಗೆ ಮಾತ್ರ ಏನೂ ಹೇಳಿಲ್ಲ." ಮಾತಾಡಿದ್ದಕ್ಕೇ ಅವಳಿಗೆ ಏದುಸಿರು ಬಂತು. "ಈಗ ಹತ್ರ ಬರ್ತಿದ್ದಾಳೆ ಚಿಕ್ಕಮ್ಮ. ಅವಳಿಗೆ ಆಗ್ತಿದ್ದ ಹಾಗೇ ನಂಗೂ ಆಗ್ತಿದೆ. ಅಷ್ಟೇ ಹೋಗತ್ತೆ, ನಿಲ್ಲೋದೇ ಇಲ್ಲ. ಅಮ್ಮ ನನ್ ಮೈಯೊಳಗೆ ಬರ್ತಿದ್ದಾಳೆ ಅನ್ಸತ್ತೆ. ಡಾಕ್ಟ್ರು ಅದನ್ನ ನಿಲ್ಲಿಸ್ಬಿಟ್ರೆ?"

ಚಿಕ್ಕಮ್ಮನಿಗೆ ಈಗ ಕಂಡಿತು. ತಾನು ನೀರಿಗೆಂದು ಕರೆತಂದ ಅಕ್ಕ ಇಲ್ಲಿ ಮಗಳ ರಕ್ತ ಕುಡಿಯುತ್ತ ಕೂತಿದ್ದಾಳೆ. ಅಕ್ಕನಲ್ಲ, ತಾನು ಮಾಡಿಟ್ಟ ಅಕ್ಕ. ಚೂಟಿಯ ರಟ್ಟೆ ಹಿಡಿದು ಎತ್ತಹೋದಳು. ಆ ಬಡಕಲು ಹುಡುಗಿ ಎರಡೂ ಕೈಯಲ್ಲಿ ಮಿಷನ್ನನ್ನು ತಬ್ಬಿಕೊಂಡಳು. ಆಗ ಕುರ್ಚಿಯ ಮೇಲಿನ ಕಲೆ ಕಂಡಿತು. ಕಪ್ಪು ಬಟ್ಟೆಯೂ ಮುಚ್ಚಿಡಲಾರದಷ್ಟು.

"ಚೂಟಿ, ನಾನ್ ಸುಳ್ಳು ಹೇಳ್ದೆ ಕಣೇ. ಅವಳು ನನ್ ಕನಸಿಗೆ ಬಂದೇ ಇಲ್ಲ. ಒಂದಿನಾನೂ ಬಂದಿಲ್ಲ. ಎಲ್ಲ ನಾನೇ ಕಟ್ಟಿದ್ದು."

"ಇಲ್ಲ. ಮಿಷನ್ನು ತಾನಾಗೇ ಹೊಲೀತಲ್ಲ. ಎಲ್ರೂ ನೋಡಿದ್ದಾರೆ."

ಹೊರಗೆ ಚಪ್ಪಲಿಗಳ ಸದ್ದು ಕೇಳಿಸಿತು. ಊಟ ಮುಗಿಸಿದ ಹೆಂಗಸರು ಬಾಗಿಲಿಗೆ ಬಂದು, ಇವರನ್ನು ಕಂಡು ಅಲ್ಲೇ ನಿಂತರು. ಅವರ ಹಿಂದೆ ಗಡಿಯಾರಪ್ಪ. ಈಗ ಬಾಯಿಬಿಟ್ಟರೆ ನೀರಿನ ಗಂಟೆ ಹೋಗುತ್ತದೆ, ಡಬ್ಬಿ ತುಂಬ ಮಾತ್ರೆ ಮತ್ತೆ ಡ್ರಾಯರಿಗೆ ಬರುತ್ತದೆ, ಇಷ್ಟು ವರ್ಷ ಕಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಚಿಕ್ಕಮ್ಮನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಸ್ವಿಚ್ ಹಾಕಿದಳು. ಮೋಟರು ಗುಂಯ್ ಎಂದಿತು. ಆರಿಸಿದಳು. ಆಮೇಲೆ ಎಲ್ಲರಿಗೂ ಕಾಣುವಂತೆ ಕಾಲು ಚಾಚಿ ಪೆಡಲು ಒತ್ತಿದಳು. ಮಿಷನ್ನು ಗರ್ರೆಂದು ಹೊಲಿದು ನಿಂತಿತು.

"ನೋಡು. ಹಳೇ ಮೋಟರು. ಆರಿಸಿದ್ಮೇಲೂ ತಿರುಗತ್ತೆ. ಇಷ್ಟೇ."

ಚೂಟಿ ನೋಡುತ್ತಲೇ ಇದ್ದಳು. ಚಿಕ್ಕಮ್ಮ ಮತ್ತೆ ಹಾಕಿದಳು, ಆರಿಸಿದಳು, ಒತ್ತಿದಳು. "ಯಾರೂ ಇಲ್ಲ ಕಣಮ್ಮ. ಇದ್ದಿದ್ರೆ ನಾನು ಬಿಡ್ತಿದ್ನಾ? ನಾನೂ ಕಾದೆ. ನಿಂಗಿಂತ ಜಾಸ್ತಿ ಕಾದೆ. ಬರ್ಲಿಲ್ಲ."

ಆಗ ಚೂಟಿ ಅತ್ತಳು. ಅಮ್ಮ ಸತ್ತ ದಿನ ಅತ್ತಿರಲಿಲ್ಲ, ಆ ಅಳುವೆಲ್ಲ ಇವತ್ತಿಗೆಂದು ಕೂಡಿಟ್ಟಿದ್ದಳೇನೋ. ತಬ್ಬಿದ ಕೈ ಸಡಿಲವಾಯಿತು. ದಾರದಜ್ಜಿ ತನ್ನ ಹೊದಿಕೆ ತಂದು ಹುಡುಗಿಯ ಸೊಂಟಕ್ಕೆ ಸುತ್ತಿದಳು, ಇಸ್ತ್ರಿಯವಳು ಇನ್ನೊಂದು ತೋಳು ಹಿಡಿದಳು. ಬಾಗಿಲಲ್ಲಿ ಗಡಿಯಾರಪ್ಪ ಮೊದಲು ಚಿಕ್ಕಮ್ಮನನ್ನು, ಆಮೇಲೆ ಅಭ್ಯಾಸಬಲದಿಂದ ಗಡಿಯಾರವನ್ನು ನೋಡಿದ. "ಹಾಗಾದ್ರೆ ಇಷ್ಟು ದಿನ..." ಎಂದು ಏನೋ ಹೇಳಹೊರಟ.

"ಬಾಯಿ ಮುಚ್ಕೊಂಡು ದಾರಿ ಬಿಡಪ್ಪ" ಎಂದಳು ದಾರದಜ್ಜಿ. "ನಾಳೆ ನೀರಿನ ಗಂಟೆ ಹೊಡೀಲಿಲ್ಲ ಅಂದ್ರೆ ನಾನೇ ಸತ್ತು ಬಂದು ನಿನ್ನ ಕಾಡ್ತೀನಿ. ನನ್ನದಂತೂ ಸುಳ್ಳಲ್ಲ."

ಅವನು ದಾರಿ ಬಿಟ್ಟ. ಅಷ್ಟೇ ಅಲ್ಲ, ಫ್ಯಾಕ್ಟರಿಯ ವ್ಯಾನಿನವನನ್ನು ಕೂಗಿ ಕರೆದ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ. ಕೂದಲು ಬೆಳ್ಳಗಾಗಿತ್ತು, ಚಿಕ್ಕಮ್ಮನ ಗುರುತು ಹತ್ತಲಿಲ್ಲ. ಚೂಟಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದು, ಕೂಡಲೇ ಮಲಗಿಸಿಕೊಳ್ಳಲು ಹೇಳಿದರು. ರಕ್ತ ಏರಿಸಬೇಕು, ಹೋಗುತ್ತಿರುವುದನ್ನು ಮಾತ್ರೆಯಿಂದ ನಿಲ್ಲಿಸಬೇಕು, ಯಾಕೆ ಹೀಗಾಗುತ್ತಿದೆ ಎಂದು ಹುಡುಕಬೇಕು. ಆಮೇಲೆ ಹೊತ್ತು ಹೊತ್ತಿಗೆ ಊಟ, ಕಬ್ಬಿಣದ ಮಾತ್ರೆ, ಪ್ರತಿ ತಿಂಗಳೂ ಬಂದು ತೋರಿಸಬೇಕು. "ತಡವಾಗಿದೆ, ಆದ್ರೆ ಕೈ ಮೀರಿಲ್ಲ" ಎಂದರು. ಚಿಕ್ಕಮ್ಮ ಗೋಡೆ ಹಿಡಿದು ನಿಂತಳು.

"ಕೆಲವ್ರಿಗೆ ಇದು ಮನೆತನದಲ್ಲೇ ಇರತ್ತೆ" ಎಂದು ಡಾಕ್ಟರಮ್ಮ ಚೂಟಿಯ ಕಡೆಗೆ ಬಾಗಿದರು. "ನಿಮ್ಮ ತಾಯಿಗೂ ಹೀಗೇ ಆಗ್ತಿತ್ತಾ?"

ಚಿಕ್ಕಮ್ಮ ಉತ್ತರ ಹೇಳಲು ಬಾಯಿ ತೆರೆದಳು. ಇಷ್ಟು ವರ್ಷ ಅಕ್ಕನ ಪರವಾಗಿ ಮಾತಾಡಿದವಳು ಅವಳೇ ತಾನೇ. ಆದರೆ ಚೂಟಿಯೇ ಮೊದಲು ಹೇಳಿದಳು.

"ಆಗ್ತಿತ್ತು" ಎಂದಳು. "ಯಾರಿಗೂ ತೋರಿಸ್ಲಿಲ್ಲ. ಅದ್ರಿಂದಾನೇ ಸತ್ತೋದ್ರು."

ಡಾಕ್ಟರಮ್ಮ ತಲೆಯಾಡಿಸಿ ಹೊರಗೆ ಹೋದರು. ಚೂಟಿ ಕೈ ಚಾಚಿ ಚಿಕ್ಕಮ್ಮನ ಬೆರಳು ಹಿಡಿದುಕೊಂಡು, "ಹಸಿವಾಗ್ತಿದೆ ಚಿಕ್ಕಮ್ಮ" ಎಂದಳು. ಚಿಕ್ಕಮ್ಮ ಆಗ ಅಕ್ಕನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.